ಕೆಂಪಾಗದ ಜರೀಗಿಡ

ಗಿಡಕ್ಕೆ ನಾಚಿಕೆ ಕಲಿಸಿದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಒಂದೆರಡು ಗಿಡಕ್ಕಲ್ಲ, ನಾಲ್ಕು ಸಾವಿರ ಗಿಡಕ್ಕೆ. ಸಾಲಾಗಿ ನಿಲ್ಲಿಸಿ, ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ. ನಾನು ಕೆಮ್ಮಿದರೆ ಮೊದಲ ಸಾಲು ಕೆಂಪಾಗುತ್ತಿತ್ತು, ಸೀನಿದರೆ ಕೊನೆಯ ಸಾಲು. ಒಂದು ದಿನ ಆ ಕೆಂಪನ್ನು ಕಂಡ ಸೂರ್ಯ, ಮುಳುಗುವ ಹೊತ್ತಾಯಿತೆಂದು ತಪ್ಪು ತಿಳಿದು ಮಧ್ಯಾಹ್ನ ಎರಡು ಗಂಟೆಗೇ ಮುಳುಗಿಬಿಟ್ಟ. ನಂಬದವರು ನಮ್ಮ ಹೊನ್ನದೊಡ್ಡಿಗೆ ಬಂದು ಕೇಳಬಹುದು. ಊರಿನವರು ಅಂಥದ್ದೇನೂ ಆಗಿಲ್ಲ ಎನ್ನುತ್ತಾರೆ. ಅವರಿಗೆ ಮರೆವು ಜಾಸ್ತಿ.

ನನ್ನ ಹೆಸರು ಗದ್ದೆಪ್ಪ. ಕೆಲಸ ಜರೀಗಿಡ ಕಾಯುವುದು. ಇನ್ನು ಮುಂದೆ ಜರೀಗಿಡ ಹಾಕಲಿರುವ ಊರುಗಳವರಿಗೆ ಓದಿ ಹೇಳಬೇಕು, ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆದು ಕೊಡಿ ಎಂದು ನದಾಫ್ ಮೇಡಂ ಕೇಳಿದ್ದಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವನು ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹುಟ್ಟಿಲ್ಲ.

ನಮ್ಮೂರಿನ ನೆಲದಡಿಯಲ್ಲಿ ಚಿನ್ನವಿತ್ತು. ಎಷ್ಟು ಚಿನ್ನವೆಂದರೆ, ಚಿಕ್ಕವನಿದ್ದಾಗ ನಾನು ಅದನ್ನು ಎಡವಿಯೇ ಮೂರು ಸಲ ಮಂಡಿ ಒಡೆದುಕೊಂಡಿದ್ದೇನೆ. ನಮ್ಮಪ್ಪ ಹುಟ್ಟುವ ಮೊದಲೇ ಯಾರೋ ಬಂದು ಕಲ್ಲು ಅಗೆದು, ಪುಡಿ ಮಾಡಿ, ಚಿನ್ನವನ್ನು ಆರಿಸಿಕೊಂಡು ಹೋದರು. ಪುಡಿಯನ್ನು ಮಾತ್ರ ಬಿಟ್ಟು ಹೋದರು. ಅದು ಊರಿನ ಪಕ್ಕದಲ್ಲಿ ಗುಡ್ಡವಾಗಿ ನಿಂತಿದೆ. ನಾವು ಬೂದಿದಿನ್ನಿ ಎನ್ನುತ್ತೇವೆ. ಚಿನ್ನವಿರುವ ಕಲ್ಲಿನಲ್ಲಿ ಆರ್ಸೆನಿಕ್ ಎಂಬ ವಿಷವೂ ಇರುತ್ತದಂತೆ. ಹಿರಿಯರು ಪಾಷಾಣ ಎನ್ನುತ್ತಿದ್ದರು. ಅದು ಮಳೆಗೊಂದಿಷ್ಟು ಮಳೆಗೊಂದಿಷ್ಟು ಇಳಿದು ಬಾವಿಗಳನ್ನು ಸೇರಿತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ಮೊದಲಿನಂತೆ ಸಿಹಿಯಾಗಿಯೇ ಇತ್ತು.

ಕುಡಿದವರ ಎದೆಯ ಮೇಲೆ, ಧೂಳಿನಲ್ಲಿ ಮಳೆಹನಿ ಬಿದ್ದ ಹಾಗೆ ಚುಕ್ಕೆ ಮೂಡಿದವು. ಅಂಗೈಯಲ್ಲಿ ಜೋಳದ ಕಾಳಿನಂಥ ಗಂಟುಗಳೆದ್ದವು. ನನಗೆ ಹೆಣ್ಣು ಕೊಡಲು ಹದಿನೆಂಟು ಹಳ್ಳಿಯವರು ಸಾಲು ನಿಂತಿದ್ದರು, ನಾನೇ ಒಲ್ಲೆನೆಂದೆ. ಹದಿನೆಂಟು ಹಳ್ಳಿಯವರೂ ನನ್ನ ಅಂಗೈ ನೋಡಿ, ಕೊಟ್ಟ ನೀರು ಮುಟ್ಟದೆ ಎದ್ದು ಹೋದರೆಂದು ಹೇಳುವ ಜನರಿದ್ದಾರೆ. ಹೊಟ್ಟೆಕಿಚ್ಚಿನವರು.

ನಾನು ಅಕ್ಕನ ಮನೆಯಲ್ಲಿಯೇ ಉಳಿದೆ. ಅಕ್ಕ ಎಂದರೆ ಅಂಬವ್ವ, ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಾನು ತೆವಳುವಾಗಲೇ ಅವ್ವ ತೀರಿಕೊಂಡಳು. ಆಮೇಲೆ ಎತ್ತಿದವಳು, ಉಣಿಸಿದವಳು, ಸುಳ್ಳು ಹೇಳಿದಾಗ ಬೆನ್ನಿಗೆ ಗುದ್ದಿದವಳು ಅಕ್ಕನೇ. ಅವಳಿಗೆ ಮಕ್ಕಳಾಗಲಿಲ್ಲ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯ ಹಿಂದಿನ ಹೊಲದಲ್ಲಿ ಅಪ್ಪ ತೋಡಿದ ಬಾವಿಯೊಂದಿತ್ತು. ತೋಡುವಾಗ ಹತ್ತು ವರ್ಷದ ಅಕ್ಕ ಬುಟ್ಟಿಯಲ್ಲಿ ಮಣ್ಣು ಹೊತ್ತಿದ್ದಳು. ಅದು ಊರಿಗೆಲ್ಲ ನೀರು ಕೊಡುತ್ತಿದ್ದ ಬಾವಿ. ಪಾಷಾಣ ಇದೆಯೆಂದು ಗೊತ್ತಾದ ದಿನ ಅಧಿಕಾರಿಗಳು ಬಂದು ಅದರ ಮೋಟರಿಗೆ ಬೀಗ ಹಾಕಿ, ಕಟ್ಟೆಗೆ ಕೆಂಪು ಬಣ್ಣ ಬಳಿದು ಹೋದರು. ಅಂದಿನಿಂದ ದಿನ ಬಿಟ್ಟು ದಿನ ಟ್ಯಾಂಕರ್ ಬರತೊಡಗಿತು.

ಅಕ್ಕನಿಗೆ ಆ ಕೆಂಪು ಕಟ್ಟೆಯನ್ನು ಕಂಡರೆ ಆಗುತ್ತಿರಲಿಲ್ಲ. “ನಮ್ಮಪ್ಪ ಏನ್ ಕಳ್ಳತನ ಮಾಡಿದ್ನೇನ, ಅವನ ಬಾವಿಗೆ ಬ್ಯಾಡಿ ಹಾಕ್ಯಾರ” ಎನ್ನುತ್ತಿದ್ದಳು. ಸಾಯುವುದರೊಳಗೆ ಒಮ್ಮೆ ಆ ಬೀಗ ತೆಗೆದು ನೀರು ಕುಡಿಯಬೇಕು. ಅವಳಿಗಿದ್ದದ್ದು ಇದೊಂದೇ ಆಸೆ.

ನದಾಫ್ ಮೇಡಂ ಹುಬ್ಬಳ್ಳಿಯವರು. ಸಸ್ಯವಿಜ್ಞಾನಿ. ಮೊದಲ ಸಲ ಬಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಊರವರನ್ನು ಕೂಡಿಸಿ, “ನಿಮ್ಮೂರಿಗೆ ಜರಿ ತರ್ತೀವಿ, ಅದು ಮಣ್ಣಿನ ವಿಷಾ ಹೀರತೈತಿ” ಎಂದರು.

ಹೆಂಗಸರ ಕಡೆ ಗುಸುಗುಸು ಎದ್ದಿತು. ಒಬ್ಬಳು ಕೇಳಿಯೇಬಿಟ್ಟಳು: “ಜರಿ ಅಂದ್ರ ಸೀರಿ ಅಂಚಿನ ಜರೀ ಏನ್ರೀ? ಮನಿಗೊಂದು ಕೊಡ್ತೀರೋ, ತಲಿಗೊಂದೋ?”

“ಅಲ್ಲ ಬಿಡಬೇ” ಎಂದಳು ಇನ್ನೊಬ್ಬಳು. “ನೂರು ಕಾಲಿನ ಜರಿ ಅದು. ಅವೇನ್ ತರಾದು, ನಮ್ಮನಿ ಗ್ವಾಡ್ಯಾಗ ಬೇಕಾದಷ್ಟದಾವ, ಒಯ್ರಿ ಅಂತೀನಿ.”

ಮೇಡಂ ನಗುತ್ತ ಚೀಲದಿಂದ ಕುಂಡವೊಂದನ್ನು ತೆಗೆದರು. ನಮ್ಮ ಬಿಸಿಲುನಾಡಿನಲ್ಲಿ ಯಾರೂ ಅಂಥ ಗಿಡ ನೋಡಿರಲಿಲ್ಲ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಹಣಿಗೆಯ ಹಲ್ಲಿನಂತೆ ಎರಡೂ ಕಡೆ ಉದ್ದುದ್ದ ಎಲೆ. ನಡುವೆ, ಹುಟ್ಟಿದ ಕೂಸಿನ ಮುಷ್ಟಿಯ ಹಾಗೆ ಸುರುಳಿ ಸುತ್ತಿಕೊಂಡ ಎಳೆ ಚಿಗುರು.

ಅಕ್ಕ ಹತ್ತಿರ ಹೋಗಿ ಆ ಸುರುಳಿಯನ್ನು ಬೆರಳಿನಿಂದ ಮುಟ್ಟಿ ಹೇಳಿದಳು: “ಸೀರಿ ಜರಿ ಇರ್ಲಿ, ಹುಳದ ಜರಿ ಇರ್ಲಿ. ಬ್ಯಾರೆ ಊರಿನ ಮಂದಿ ನಮ್ಮನ್ನ ಜರಿಯೂದು ಒಂದು ಬಿಟ್ರ ಸಾಕಾಗೇತಿ ನಮಗ.”



ಬಾವಿಯ ಸುತ್ತ ನೆರಳು ಪರದೆ ಕಟ್ಟಿ, ಹನಿ ನೀರಿನ ಪೈಪು ಎಳೆದು, ನಾಲ್ಕು ಸಾವಿರ ಗಿಡ ನೆಟ್ಟೆವು. ನಾನೊಬ್ಬನೇ ಒಂದು ಮುಂಜಾನೆ, ಚಹಾ ಕುಡಿಯುವ ಮೊದಲು ನೆಟ್ಟೆ. ಇಪ್ಪತ್ತು ಆಳು ಹನ್ನೆರಡು ದಿನ ನೆಟ್ಟರು ಎಂದು ಮೇಡಂ ಅವರ ವರದಿಯಲ್ಲಿದೆ. ಇರಲಿ, ವರದಿ ಬರೆದವರ ಕಣ್ಣಿಗೆ ನನ್ನ ವೇಗ ಬಿದ್ದಿರಲಿಕ್ಕಿಲ್ಲ.

ಗಿಡದ ಒಳಗುಟ್ಟನ್ನು ಮೇಡಂ ನನಗೆ ಕೂಡಿಸಿಕೊಂಡು ಹೇಳಿದ್ದರು. ಯಾವ ಗಿಡಕ್ಕಾದರೂ ಬೆಳೆಯಲು ರಂಜಕ, ಅಂದರೆ ಫಾಸ್ಫರಸ್, ಬೇಕು. ಅದನ್ನು ಒಳಗೆ ಬಿಟ್ಟುಕೊಳ್ಳಲು ಬೇರಿನಲ್ಲಿ ಬಾಗಿಲುಗಳಿರುತ್ತವೆ. ಪಾಷಾಣ ನೋಡಲು ಥೇಟು ರಂಜಕದ ಹಾಗೆಯೇ ಇರುತ್ತದೆ, ಒಂದೇ ಅಂಗಿ ತೊಟ್ಟ ಅಣ್ಣತಮ್ಮಂದಿರ ಹಾಗೆ. ಬಾಗಿಲಿಗೆ ಗುರುತು ಸಿಗುವುದಿಲ್ಲ. ಬೇರೆ ಗಿಡಗಳು ಒಳಗೆ ಬಿಟ್ಟುಕೊಂಡು ಸಾಯುತ್ತವೆ. ಜರೀಗಿಡ ಸಾಯುವುದಿಲ್ಲ. ಅದು ವಿಷವನ್ನು ಬೇರಿನಲ್ಲಿ ನಿಲ್ಲಗೊಡದೆ ಎಲೆಗೆ ಸಾಗಿಸುತ್ತದೆ. ಎಲೆಯ ಒಂದೊಂದು ಜೀವಕೋಶದಲ್ಲೂ ರಸದ ಚೀಲವೊಂದಿರುತ್ತದೆ, ವಿಷವನ್ನು ಅದರೊಳಗೆ ತುಂಬಿ ಬಾಯಿ ಕಟ್ಟುತ್ತದೆ. ಮನೆಯ ದುಃಖವನ್ನೆಲ್ಲ ಟ್ರಂಕಿನಲ್ಲಿಟ್ಟು ಮೇಲೆ ಕೂತು ನಗುವ ಹೆಂಗಸರಿರುತ್ತಾರಲ್ಲ, ಹಾಗೆ. ಹಳೆಯ ಎಲೆಯನ್ನು ಕೈಗವಸು ಹಾಕಿಕೊಂಡು ಕೊಯ್ದು ಡ್ರಮ್ಮಿಗೆ ತುಂಬಿದರೆ, ಅಷ್ಟು ಪಾಷಾಣ ನೆಲದಿಂದ ಹೋದಂತೆ. ಸುಡುವಂತಿಲ್ಲ, ಹೊಗೆಯಲ್ಲೂ ವಿಷ. ಆಡು ಮೇಯುವಂತಿಲ್ಲ.

ಇಷ್ಟು ಕೆಲಸ ಕಾಡಿನ ಜರೀಗಿಡವೂ ಮಾಡುತ್ತದೆ. ಮೇಡಂ ಅವರ ಪ್ರಯೋಗಾಲಯ ಒಂದನ್ನು ಸೇರಿಸಿತ್ತು: ಚೀಲ ತುಂಬುತ್ತ ಬಂದಂತೆ ಎಲೆಯ ನರ ಕೆಂಪಾಗಬೇಕು. ಮಣ್ಣಿನಲ್ಲಿ ವಿಷ ಹೆಚ್ಚಾದರೆ ಕಡುಗೆಂಪು, ಕಡಿಮೆಯಾದರೆ ತೆಳುಗುಲಾಬಿ, ಮುಗಿದರೆ ಹಸಿರು. ನಾಚಿಕೆ ಎಂದೆನಲ್ಲ, ಅದೇ.

ಬಾವಿಯ ಪಕ್ಕದ ತಗಡಿನ ಕೋಣೆಯಲ್ಲಿ ದೊಡ್ಡ ಪರದೆ ಇತ್ತು. ಪರದೆಯ ಮೇಲೆ ನಾಲ್ಕು ಸಾವಿರ ಚುಕ್ಕಿ. ಮಡಿಗಳ ಮೇಲಿನ ಕ್ಯಾಮೆರಾ ಎಲೆ ನೋಡಿ ಚುಕ್ಕಿಗೆ ಬಣ್ಣ ಹಚ್ಚುತ್ತಿತ್ತು. ಚಿಗುರೆಲ್ಲ ಅರವತ್ತು ದಿನ ಒಂದೇ ಸಮನೆ ಹಸಿರಾಗಿ ಬಂದು, ನೀರಿನ ಪರೀಕ್ಷೆಯೂ ಸರಿಯಾದರೆ ಬೀಗ ತೆಗೆಯುವುದು. ಆಮೇಲೆ ಬಾವಿಗೆ ಎಲೆಯೇ ಕಾವಲು. ಮತ್ತೆ ಕೆಂಪು ಮೂಡಿದರೆ ಮೋಟರು ತಾನಾಗಿ ನಿಲ್ಲುತ್ತದೆ. ನೀರಿನ ಪರೀಕ್ಷೆಗೆಂದು ತಿಂಗಳು ತಿಂಗಳು ಬಾಟಲಿ ಹೊತ್ತು ಜಿಲ್ಲೆಯ ಊರಿಗೆ ಅಲೆಯಬೇಕಿಲ್ಲ.

ಬೇಲಿಗೆ ಮೇಡಂ ಒಂದೇ ಒಂದು ಫಲಕ ಹಾಕಿಸಿದ್ದರು: ‘ಒಳಗೆ ಗೊಬ್ಬರ ತರಬಾರದು.’

ಮೊದಲ ವರ್ಷ ಮಡಿಗಳು ಕುಂಕುಮ ಚೆಲ್ಲಿದ ಹಾಗಿದ್ದವು. ಎರಡನೆಯ ವರ್ಷ ಗುಲಾಬಿ. ಅತ್ತ ಮನೆಯಲ್ಲಿ ಅಕ್ಕ ಟ್ಯಾಂಕರ್ ನೀರು ಕುಡಿಯುತ್ತಿದ್ದಳು. ಅವಳ ಕೈ ಎಷ್ಟು ಜೋಮು ಹಿಡಿದಿತ್ತೆಂದರೆ, ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಹೊರಳಿಸುತ್ತಿದ್ದಳು. ಬೆಂಕಿಯ ಕೆಂಡವನ್ನೂ ಎತ್ತಿ ಬೀಡಿ ಹಚ್ಚಿಕೊಟ್ಟಿದ್ದಾಳೆ ಎಂದು ನಾನು ಊರೆಲ್ಲ ಹೇಳಿದ್ದೆ. ಅದು ಸುಳ್ಳಲ್ಲ.

ಮೂರನೆಯ ವರ್ಷದ ಒಂದು ಮುಂಜಾನೆ ಅಡುಗೆಮನೆಯಿಂದ ಚೀರಿದ್ದು ಕೇಳಿ ಓಡಿದೆ. ಅಕ್ಕ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು.

“ಸುಟ್ತೋ ಗದ್ದ್ಯಾ! ಕೈ ಸುಟ್ತು!”

“ಹಿಟ್ಟು ಹಚ್ಚು, ನೀರಾಗ ಇಡು…”

“ಏ ಹುಚ್ಚ್ಯಾ, ಸುಟ್ತಂದ್ರ ಗೊತ್ತಾತೇನು? ಒಂಬತ್ತು ವರ್ಸಾತು ಕೈಯಿಗೆ ಬಿಸಿ ಹತ್ತಿಲ್ಲ! ನೋಡು, ಉರಿತೈತಿ, ನೋಡು!”

ಆ ದಿನ ಅಕ್ಕ ಓಣಿಯ ಮನೆಮನೆಗೂ ಹೋಗಿ ಬೊಬ್ಬೆ ಎದ್ದ ಬೆರಳು ತೋರಿಸಿ ಬಂದಳು. ಹೊಸ ಉಂಗುರ ತೋರಿಸುವವರ ಹಾಗೆ. ಆ ಸಂತೋಷಕ್ಕೆ ನನ್ನ ಬಾಯಿ ನಿಲ್ಲಲಿಲ್ಲ. ಗುಡಿಯ ಕಟ್ಟೆಯ ಮೇಲೆ, ಎಲ್ಲರ ಮುಂದೆ ಹೇಳಿಬಿಟ್ಟೆ: “ಈ ಬನ್ನಿ ಹಬ್ಬಕ್ಕ ನಮ್ಮಕ್ಕಗ ಅಪ್ಪನ ಬಾವಿ ನೀರು ಕುಡಸ್ತೀನಿ. ಕುಡಸಲಿಲ್ಲಂದ್ರ ಅರ್ಧ ಮೀಸಿ ಬೋಳಿಸಿ ಕತ್ತಿ ಮ್ಯಾಲ ಊರಾಗ ಮೆರಸ್ರಿ.”

“ಕತ್ತಿಗೆ ನಾಚಿಕಿ ಬರ್ತತಿ ಬಿಡಲೇ” ಎಂದರು ಯಾರೋ. ಎಲ್ಲ ನಕ್ಕರು. ಅಕ್ಕ ನಗಲಿಲ್ಲ. ಅವಳು ನಂಬಿದಳು. ಅದೇ ಸಂಜೆ ಹಳೆಯ ತಾಮ್ರದ ಕೊಡವನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಳು.

ಹಸಿರು ದಿನಗಳ ಎಣಿಕೆ ಶುರುವಾಯಿತು. ಹತ್ತು, ಇಪ್ಪತ್ತು, ನಲವತ್ತು. ನಲವತ್ತೊಂದನೆಯ ಮುಂಜಾನೆ ಬಾವಿಯ ಬಗಲಿನ ಮೂರನೆಯ ಮಡಿಯಲ್ಲಿ ಇನ್ನೂರು ಗಿಡದ ಚಿಗುರಿನ ನರ ತುಸು ಗುಲಾಬಿಯಾಗಿತ್ತು. ಎಲೆಯ ತುದಿ ಕಂದಿತ್ತು. ಕ್ಯಾಮೆರಾದ ಲೆಕ್ಕಕ್ಕೆ ಸಿಗುವಷ್ಟು ಕೆಂಪಲ್ಲ, ಆದರೆ ದಿನದಿನಕ್ಕೆ ಏರುತ್ತಿತ್ತು. ಆ ಲೆಕ್ಕದ ಗೆರೆ ದಾಟಿದರೆ ಎಣಿಕೆ ಮತ್ತೆ ಒಂದರಿಂದ. ಹಬ್ಬಕ್ಕೆ ಹತ್ತೊಂಬತ್ತು ದಿನವಿತ್ತು. ಮೇಡಂ ವಾರದ ಮಟ್ಟಿಗೆ ಹುಬ್ಬಳ್ಳಿಗೆ ಹೋಗಿದ್ದರು.

ನಾನೇನು ಮಾಡಿದೆ? ಮಡಿಯ ನಡುವೆ ನಿಂತು ಗಿಡಗಳನ್ನು ಬೈದೆ. ಏಳು ತಲೆಮಾರಿನ ಬೈಗುಳ, ಒಂದನ್ನೂ ಎರಡನೆಯ ಸಲ ಬಳಸದೆ, ಬೆಳಗಿನಿಂದ ಸಂಜೆಯವರೆಗೆ. ಬಾವಿಯೊಳಗಿನ ಕಪ್ಪೆಗಳು ಕಿವಿ ಮುಚ್ಚಿಕೊಂಡವು. ಹತ್ತನೆಯ ದಿನಕ್ಕೆ ಹೊಸ ಸುರುಳಿ ಬಿಚ್ಚಿಕೊಂಡವು, ಗಿಣಿಯಂಥ ಹಸಿರು. ಮೇಡಂ ಬಂದು ಪರದೆ ನೋಡಿ, “ಚಲೋ ಆತ ಗದ್ದೆಪ್ಪಾರ, ಭಾಳ ಚಲೋ ಆತ” ಎಂದರು.

ನೀರಿನ ಪರೀಕ್ಷೆ ಆಯಿತು, ಶುದ್ಧವಿತ್ತು. ಹಬ್ಬದ ದಿನ ಮೇಡಂ ಬೀಗ ತೆಗೆದರು. ಮೊದಲ ಕೊಡ ತುಂಬಿದವಳು ಅಕ್ಕ. ತುಂಬಿದ ಕೊಡಕ್ಕೆ ಕುಂಕುಮ ಹಚ್ಚಿ, ಬೊಗಸೆ ಹಿಡಿದು ಕುಡಿದಳು. ಕುಡಿದು ಕೆಂಪು ಕಟ್ಟೆಯ ಮೇಲೆ ಕೂತಳು. ಆಮೇಲೆ ಹೇಳಿದಳು: “ಅದ ರುಚಿ ಐತಿ. ಅಪ್ಪ ಇದ್ದಾಗಿಂದು.” ನನ್ನ ತಲೆ ಸವರಿದಳು. “ನೀ ಜೀವನದಾಗ ಖರೇ ಮಾಡಿದ್ದು ಇದೊಂದ ಮಾತು ನೋಡು.”

ಮೀಸೆ ಉಳಿಯಿತು. ಟ್ಯಾಂಕರ್ ನಿಂತಿತು. ಅಕ್ಕ ಬೇರೆಲ್ಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ. ಮದುವೆ ಮನೆಗೆ ಹೋದರೂ ಬಾಟಲಿಯಲ್ಲಿ ತನ್ನ ಬಾವಿಯ ನೀರು ಒಯ್ಯುತ್ತಿದ್ದಳು. “ನನ್ನ ತಮ್ಮ ಕಾಯೂ ಬಾವಿ ಐತಿ” ಎಂದು ಬೀಗರ ಮುಂದೆ ಬಾಟಲಿ ಎತ್ತಿ ತೋರಿಸುತ್ತಿದ್ದಳಂತೆ. ಬಡಾಯಿ ನಮ್ಮ ಮನೆತನದ್ದು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಒಂದು ಮುಂಜಾನೆ ನಾನು ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದೆ. ಅಕ್ಕ ರೊಟ್ಟಿ ಬಡಿಯುತ್ತ ಯಾರದೋ ಸೊಸೆಯ ಸುದ್ದಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಹೊರಳಿಸಿದಳು.

ಸುದ್ದಿ ನಿಲ್ಲಲಿಲ್ಲ. ಅವಳಿಗೆ ಗೊತ್ತೇ ಆಗಲಿಲ್ಲ.

ನಾನು ಚಹಾದ ಬಟ್ಟಲು ಅಲ್ಲಿಯೇ ಬಿಟ್ಟು ಎದ್ದೆ. ಕಾಲಿಗೆ ಚಪ್ಪಲಿಯಿಲ್ಲದೆ ಒಂಬತ್ತು ಕಿಲೋಮೀಟರ್ ಒಂದೇ ಉಸಿರಿಗೆ ಓಡಿ, ಹೋಬಳಿಯ ವಸತಿಗೃಹದಲ್ಲಿದ್ದ ಮೇಡಂ ಅವರನ್ನು ಕರೆತಂದೆ.

ಮೇಡಂ ಅಕ್ಕನ ಕೈ ಹಿಡಿದು ಉಗುರು ನೋಡಿದರು. ಹತ್ತೂ ಉಗುರಿಗೆ ಅಡ್ಡವಾಗಿ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆಯಿತ್ತು. ವಿಷ ಹೊಟ್ಟೆಗೆ ಹೋದಾಗ ಉಗುರಿನ ಬುಡದಲ್ಲಿ ಅಂಥ ಗೆರೆ ಬೀಳುತ್ತದಂತೆ, ಉಗುರು ಬೆಳೆದಂತೆ ಮೇಲಕ್ಕೆ ಸರಿಯುತ್ತದಂತೆ. ಮೇಡಂ ಸಣ್ಣ ಅಳತೆಪಟ್ಟಿ ಇಟ್ಟು ನೋಡಿದರು.

“ಎರಡು ತಿಂಗಳಾತು” ಎಂದರು. “ಎರಡು ತಿಂಗಳಿಂದ ಈ ನೀರಾಗ ಪಾಷಾಣ ಐತಿ.”

“ಹೆಂಗಾದೀತ್ರಿ?” ಎಂದಳು ಅಕ್ಕ. “ಗಿಡ ಹಸರ ಅದಾವಲ್ಲ. ನಮ್ಮ ಗದ್ದ್ಯಾ ದಿನಾ ನೋಡ್ತಾನ.”

ಮೇಡಂ ಕೈಯಿಂದಲೇ ಮೋಟರು ನಿಲ್ಲಿಸಿ, ನೀರು, ಮಣ್ಣು, ಎಲೆ ಮೂರನ್ನೂ ಒಯ್ದರು. ಅಕ್ಕನನ್ನು ಜಿಲ್ಲೆಯ ಊರಿನ ಆಸ್ಪತ್ರೆಗೆ ಸೇರಿಸಿದರು. ಹಳೆಯ ವಿಷ ಅವಳ ಯಕೃತ್ತನ್ನು ಮೊದಲೇ ಅರ್ಧ ತಿಂದಿತ್ತು. ಹೊಸದು ಉಳಿದರ್ಧಕ್ಕೆ ಕೈ ಹಾಕಿತ್ತು. ಊರಿನಲ್ಲಿ ಇನ್ನೂ ಹನ್ನೊಂದು ಜನರ ಉಗುರಿಗೆ ಗೆರೆ ಬಿದ್ದಿತ್ತು. ಅವರು ಬಾವಿಯ ಜೊತೆಗೆ ಬೇರೆ ನೀರನ್ನೂ ಕುಡಿಯುತ್ತಿದ್ದರು. ಉಳಿದುಕೊಂಡರು.

ನಾಲ್ಕನೆಯ ದಿನ ಮೇಡಂ ತಗಡಿನ ಕೋಣೆಗೆ ಬಂದರು. ಪರದೆಯ ಮೇಲೆ ನಾಲ್ಕು ಸಾವಿರ ಚುಕ್ಕಿಯೂ ಹಸಿರು. ಅವರು ಅದನ್ನು ನೋಡುತ್ತ ನಿಂತೇ ಇದ್ದರು.

“ನೀರಾಗ ಮೊದಲಿಗಿಂತ ಆರು ಪಟ್ಟು ವಿಷ ಐತಿ. ಎಲಿಯಾಗ ಇಲ್ಲ. ಎಲಿಯಾಗ ಏನೈತಿ ಹೇಳ್ಲಿ? ರಂಜಕ. ಮೂರನೇ ಮಡಿ ತುಂಬ ರಂಜಕ. ಡಿಎಪಿ ಗೊಬ್ಬರ ಹಾಕ್ಯಾರ ಯಾರೋ.”

“ಬಾಜೂ ಹೊಲದವರು ಹತ್ತಿಗೆ ಹಾಕಿರ್ತಾರ್ರೀ. ಮಳಿಗೆ ಹರದು ಬಂದಿರ್ತೈತಿ.”

“ದಸರಾ ಆದ ಮ್ಯಾಲ ಮಳಿ ಎಲ್ಲೈತಿ ಗದ್ದೆಪ್ಪಾರ?”



ಮೇಡಂ ಕುರ್ಚಿಯೆಳೆದು ಎದುರಿಗೆ ಕೂತರು. ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಬಸ್ಸು ನಿಂತ ಕೂಡಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಗೊಬ್ಬರದ ರಂಜಕ ಹಾಗೆ ಬೇರಿನ ಬಾಗಿಲುಗಳನ್ನೆಲ್ಲ ಹಿಡಿದು ಕೂತಿತು. ಪಾಷಾಣಕ್ಕೆ ಒಳಗೆ ಹೋಗಲು ಜಾಗವಿಲ್ಲ. ಅದಕ್ಕೇ ಎಲೆ ಕೆಂಪಾಗಲಿಲ್ಲ. ಅಷ್ಟೇ ಆಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಮಣ್ಣಿನ ಕಣಗಳಿಗೆ ಅಂಟಿಕೊಂಡು, ಎಷ್ಟೋ ವರ್ಷದಿಂದ ಅಲುಗಾಡದೆ ಕೂತಿದ್ದ ಪಾಷಾಣವನ್ನೂ ರಂಜಕ ಎಬ್ಬಿಸಿ ಹೊರಗೆ ತಳ್ಳಿತು. ಸೀಟು ಕಳೆದುಕೊಂಡ ಪಾಷಾಣ ಹನಿ ನೀರಿನ ಜೊತೆ ಕೆಳಗಿಳಿದು ಬಾವಿ ಸೇರಿತು. ಕಾವಲಿಗಿದ್ದ ಎಲೆ ಹಸಿರಾಗಿ ನಗುತ್ತಲೇ ಇತ್ತು.

“ಎಲಿ ತುದಿ ಕಂದಿತ್ರೀ” ಎಂದೆ. “ಹತ್ತಿಗೆ ಹಂಗಾದ್ರ ಹಸಿವು ಅಂತ ತಿಳದು ಡಿಎಪಿ ಹಾಕ್ತೀವಿ, ವಾರಕ್ಕ ಕಡುಹಸರಾಗಿ ಏಳತೈತಿ. ಗಿಡ ಉಪವಾಸ ಐತಿ ಅಂತ… ಒಂದು ಬೊಗಸಿ ಹಾಕಿದ್ನಿರಿ. ಒಂದ ಬೊಗಸಿ.”

ಮೇಡಂ ಎದ್ದು ಪರದೆ ಆರಿಸಿದರು. ಆಮೇಲೆ ಕೇಳಿದರು: “ಅಂಬವ್ವಗ ಹೇಳೀರೇನು?”

ಹೇಳಿದೆ. ಸೋಮವಾರ ಆಸ್ಪತ್ರೆಗೆ ಹೋಗಿ ಅಕ್ಕನ ಮಂಚದ ಪಕ್ಕ ಕೂತು, ಅವಳ ಕೈ ನನ್ನ ಕೈಯಲ್ಲಿಟ್ಟುಕೊಂಡು ಎಲ್ಲವನ್ನೂ ಹೇಳಿದೆ. “ಯಕ್ಕಾ, ಗೊಬ್ಬರ ಹಾಕಿದಾಂವ ನಾನ. ನಿನ್ನ ಬಾವಿಗೆ ವಿಷ ಹಾಕಿದಾಂವ ನಾನ.”

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು.

“ಹೋಗೋ ಬಡಾಯಿಖೋರ! ಒಂದು ಬೊಗಸಿ ಗೊಬ್ಬರ ಹಾಕಿ ಭೂಮಿತಾಯಿನ್ನ ಬುಡಮೇಲು ಮಾಡಿದ್ಯೇನು ನೀನು? ಇದೂ ನಂದ ಅಂತಾನ ನೋಡ್ರಿ! ಪಾಷಾಣ ಮದ್ಲ ಇತ್ತು, ಮತ್ತ ಬಂತು. ನಿನ್ನ ಕಡಿಂದ ಏನೂ ಆಗಂಗಿಲ್ಲ, ಬಿಡು” ಎಂದಳು. ನನ್ನ ಮೂಗು ಹಿಂಡಿದಳು. ಪಕ್ಕದ ಮಂಚದವಳಿಗೂ ಹೇಳಿದಳು: “ನನ್ನ ತಮ್ಮ. ಆಕಾಶ ಬಿದ್ರೂ ನಾನ ಕೆಡವಿದ್ನಿ ಅಂತಾನ.” ಹುಟ್ಟಿದಾಗಿನಿಂದ ಸುಳ್ಳು ಹೇಳಿದವನು ಒಂದು ಸಲ ನಿಜ ಹೇಳಿದರೆ ಯಾರು ನಂಬುತ್ತಾರೆ? ಅವಳು ನಗುನಗುತ್ತಲೇ ಗುರುವಾರ ತೀರಿಕೊಂಡಳು.

ಇಷ್ಟು ಬರೆದು ಮೇಡಂ ಕೈಗೆ ಕೊಟ್ಟೆ.

ಅವರು ತಗಡಿನ ಕೋಣೆಯಲ್ಲಿ ಕೂತು ಓದಿದರು. ಸೂರ್ಯ ಮುಳುಗಿದ ಕಡೆ ಸಣ್ಣಗೆ ನಕ್ಕರು. ಜರಿಯ ಕಡೆಯೂ ನಕ್ಕರು. ಕೊನೆಯ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು.

“ಇದು ಯಾವ ಸೋಮವಾರ ಗದ್ದೆಪ್ಪಾರ?”

“ಅಕ್ಕ ತೀರಿಕೊಂಡ ವಾರದ್ದ್ರೀ.”

“ಆ ಸೋಮವಾರ ಮುಂಜಾನಿಂದ ಸಂಜೀತನಕ ನಾನ ಅಲ್ಲಿದ್ದೆ. ಅಂಬವ್ವಗ ಭಾನುವಾರನ ಮಾತು ನಿಂತಿತ್ತು.” ಅವರು ಹಾಳೆಗಳನ್ನು ಮಡಿಚಿದರು. “ಮಾತು ನಿಲ್ಲೂಕಿಂತ ಮದ್ಲ ನಿಮ್ಮನ್ನ ಕೇಳಿದ್ರು. ಮೂರು ಸಲ ಹೇಳಿ ಕಳಿಸಿದ್ನಿ. ನೀವು ಬರಲೇ ಇಲ್ಲ.”

ನಾನು ಹಾಳೆ ವಾಪಸು ಕೇಳಿದೆ. ಅವರು ಕೊಡಲಿಲ್ಲ.

“ಇದು ಇರ್ಲಿ. ಇದರ ಕೆಳಗ ಬರೀರಿ” ಎಂದರು.

ಬರೆಯುತ್ತಿದ್ದೇನೆ.

ಒಂದು ಬೊಗಸೆಯಲ್ಲ. ಎರಡು ಚೀಲ. ಒಂದು ಸಲವಲ್ಲ, ನಾಲ್ಕು ಸಲ. ಹಬ್ಬಕ್ಕೆ ಮೊದಲು ಒಮ್ಮೆ, ಆಮೇಲೆ ಎಲೆ ಗುಲಾಬಿಯಾಗುವ ಸೂಚನೆ ಕಂಡಾಗಲೆಲ್ಲ. ಮೊದಲ ಸಲ ಗಿಡ ಹಸಿದಿದೆ ಎಂದುಕೊಂಡದ್ದು ನಿಜ. ಉಳಿದ ಮೂರು ಸಲ ಹಾಗೆ ಅಂದುಕೊಂಡಿರಲಿಲ್ಲ. ಮೋಟರು ನಿಂತರೆ ಗುಡಿಯ ಕಟ್ಟೆಯ ಮೇಲೆ ಕೂತವರು ನಗುತ್ತಾರೆ ಎಂದುಕೊಂಡಿದ್ದೆ. ಎಲ್ಲವನ್ನೂ ಹೆಚ್ಚು ಮಾಡಿ ಹೇಳುವ ನಾನು ಇದೊಂದನ್ನು ಮಾತ್ರ ಕಡಿಮೆ ಮಾಡಿ ಹೇಳಿದ್ದೇನೆ.

ಅಕ್ಕ ಬರಿಗೈಯಲ್ಲಿ ರೊಟ್ಟಿ ಹೊರಳಿಸಿದ ದಿನ ನಾನು ಓಡಲಿಲ್ಲ. ಚಹಾ ಪೂರ್ತಿ ಕುಡಿದೆ. ಮಾತಿನ ಭರದಲ್ಲಿ ಬಿಸಿ ತಾಗಿದ್ದು ಗೊತ್ತಾಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನವೂ ಹೊರಳಿಸಿದಳು. ಅದರ ಮರುದಿನವೂ. ಹನ್ನೊಂದು ದಿನ ನೋಡಿದೆ. ಆ ಹನ್ನೊಂದು ದಿನವೂ ಅವಳು ಬಾವಿ ನೀರನ್ನೇ ಕುಡಿದಳು. ನಾಲ್ಕು ಕೊಡ ನಾನೇ ತಂದುಕೊಟ್ಟಿದ್ದೆ. ಮೇಡಂ ಅವರನ್ನು ನಾನು ಕರೆಯಲಿಲ್ಲ, ಬೇರೆ ಕೆಲಸಕ್ಕೆ ಬಂದವರು ಅಕ್ಕ ಚಹಾ ಕೊಡುವಾಗ ಅವಳ ಉಗುರನ್ನು ತಾವೇ ನೋಡಿದರು.

ಯಾವ ಬೊಗಸೆ ನೀರು ಅವಳನ್ನು ಕೊಂದಿತೆಂದು ಹೇಳಲಾಗುವುದಿಲ್ಲ ಎನ್ನುತ್ತಾರೆ ಡಾಕ್ಟರು. ಹಳೆಯದೂ ಇತ್ತು, ಹೊಸದೂ ಇತ್ತು. ಅವರು ನನ್ನ ಮೇಲೆ ಕರುಣೆಯಿಂದ ಹೇಳಿದರೋ, ನಿಜವಾಗಿಯೇ ಹಾಗೋ, ಗೊತ್ತಿಲ್ಲ.

ಅಕ್ಕನಿಗೆ ನಾನು ಏನನ್ನೂ ಹೇಳಲಿಲ್ಲ. ಅವಳು ನಗಲಿಲ್ಲ, ಮೂಗು ಹಿಂಡಲಿಲ್ಲ. ವಾರ್ಡಿನಲ್ಲಿ ಎಲ್ಲರಿಗೂ ನನ್ನ ತಮ್ಮ ಬಾವಿ ಕಾಯುತ್ತಾನೆ ಎಂದು ಹೇಳಿಕೊಂಡಿದ್ದಳಂತೆ. ಆ ಮಂಚದ ಹತ್ತಿರ ಹೋಗುವುದು ನನ್ನಿಂದ ಆಗಲಿಲ್ಲ. ಗಿಡ ಬಿಟ್ಟು ಬರಲು ಆಗುವುದಿಲ್ಲ ಎಂದು ಮೂರು ಸಲವೂ ಹೇಳಿ ಕಳಿಸಿದೆ. ಅಷ್ಟರಲ್ಲಿ ಮೂರನೆಯ ಮಡಿಯ ಗಿಡಗಳನ್ನು ಕಿತ್ತು ಡ್ರಮ್ಮಿಗೆ ತುಂಬಿಯಾಗಿತ್ತು, ಉಳಿದವನ್ನು ಮೇಡಂ ಕಡೆಯ ಆಳುಗಳು ನೋಡಿಕೊಳ್ಳುತ್ತಿದ್ದರು. ನನಗೆ ಕೆಲಸವಿರಲಿಲ್ಲ.

ಆ ಸೋಮವಾರ ನಾನು ನಮ್ಮೂರಿನ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಒಗೆದ ಅಂಗಿ ಹಾಕಿಕೊಂಡಿದ್ದೆ. ಜಿಲ್ಲೆಯ ಊರಿನ ಬಸ್ಸು ಮುಂಜಾನೆ ಒಮ್ಮೆ ಬಂತು, ಮಧ್ಯಾಹ್ನ ಒಮ್ಮೆ ಬಂತು. ಎರಡು ಸಲವೂ ಕಂಡಕ್ಟರ್ ಬಾಗಿಲಲ್ಲಿ ನಿಂತು, “ಬರ್ತೀಯೇನೋ ಗದ್ದೆಪ್ಪಾ, ಸೀಟ್ ಅದಾವ” ಎಂದ.

ಇಲ್ಲ, ಯಾರನ್ನೋ ಕಾಯುತ್ತಿದ್ದೇನೆ ಎಂದೆ.